ಬಿಜ್ಜಳನ ಸ್ವಾಮಿದ್ರೋಹ



ನಮ್ಮ ಪುರಾಣ ಪ್ರವಚನಗಳಲ್ಲಿ ಬಿಜ್ಜಳನ ಹೆಸರು ಬಂದೊಡನೆಯೇ ಸಭೆಯಲ್ಲಿ ಕುಳಿತವರ ಹುಬ್ಬು ಗಂಟಿಕ್ಕುತ್ತದೆ. ಭವಿ, ದುಷ್ಟ, ಶರಣವೈರಿ ಎಂಬ ಮೂರು ಮಾತುಗಳಲ್ಲಿ ಅವನ ಚರಿತ್ರೆಯನ್ನು ಮುಗಿಸಿ ಪ್ರವಚನಕಾರನು ಮುಂದಕ್ಕೆ ಸಾಗುತ್ತಾನೆ. ಆತನು ಯಾರ ಮಗನು, ಯಾವ ನಾಡಿನವನು, ಕಲ್ಯಾಣದ ಸಿಂಹಾಸನವು ಅವನ ಪಾಲಿಗೆ ಹೇಗೆ ಬಂದಿತು ಎಂದು ಯಾರಾದರೂ ಕೇಳಿದರೆ ಉತ್ತರ ಹೇಳುವವರು ವಿರಳ. ಬಿಜ್ಜಳನು ಹುಟ್ಟುತ್ತಲೇ ಕಲ್ಯಾಣದ ಅರಸನಾಗಿದ್ದನೆಂದೇ ಅನೇಕರ ಭಾವನೆ. ಅದು ಹಾಗಲ್ಲ. ಆತನು ಒಬ್ಬ ಮಾಂಡಲಿಕನು. ತನ್ನ ಒಡೆಯನ ಅನ್ನವನ್ನುಂಡು, ಒಡೆಯನ ಪಾದವನ್ನೇ ಹೊಗಳಿ ಕಲ್ಲಿನಲ್ಲಿ ಕೆತ್ತಿಸಿ, ಕೊನೆಗೆ ಆ ಒಡೆಯನ ಪೀಠದ ಮೇಲೆಯೇ ತಾನು ಕುಳಿತವನು. ಈ ಸಂಗತಿಯನ್ನು ಬಿಟ್ಟು ಕಲ್ಯಾಣದ ಕಥೆಯನ್ನು ಹೇಳಿದರೆ ಅರ್ಧ ಕಥೆಯನ್ನೇ ಹೇಳಿದಂತಾಗುತ್ತದೆ. ಬಸವಣ್ಣನವರು ಎಂಥವನ ಸಭೆಯಲ್ಲಿ, ಎಂಥ ಗದ್ದುಗೆಯ ಕೆಳಗೆ ಕಾಯಕಮಾಡಿದರೆಂಬುದು ತಿಳಿಯದಿದ್ದರೆ, ಅವರು ಆ ಸಭೆಯನ್ನು ಬಿಟ್ಟು ನಡೆದುದರ ತೂಕವೂ ನಮಗೆ ತಿಳಿಯಲಾರದು.

ಇಂದಿನ ವಿಜಯಪುರ ಜಿಲ್ಲೆಯಲ್ಲಿ ತದ್ದೇವಾಡಿ ಎಂಬ ಊರಿದೆ. ಚಾಳುಕ್ಯರ ಕಾಲದಲ್ಲಿ ಇದರ ಹೆಸರಿನಿಂದಲೇ ತರ್ದವಾಡಿ ಸಾಸಿರವೆಂಬ ನಾಡು ಕರೆಯಿಸಿಕೊಳ್ಳುತ್ತಿತ್ತು. ಈ ನಾಡನ್ನು ಕಲ್ಯಾಣದ ಚಾಳುಕ್ಯರ ಕೈಕೆಳಗೆ ಆಳುತ್ತಿದ್ದವರು ಕಳಚುರ್ಯ ವಂಶದವರು. ಅವರ ನೆಲೆವೀಡು ಮಂಗಳವಾಡ, ಎಂದರೆ ಇಂದು ಮಹಾರಾಷ್ಟ್ರದ ಸೋಲಾಪುರ ಜಿಲ್ಲೆಗೆ ಸೇರಿರುವ ಮಂಗಳವೇಢೆ. ತಾವು ಉತ್ತರದ ಕಾಲಂಜರದಿಂದ ಬಂದವರೆಂದು ಹೇಳಿಕೊಂಡು ‘ಕಾಲಂಜರಪುರವರಾಧೀಶ್ವರ’ ಎಂಬ ಬಿರುದನ್ನು ಅವರು ಧರಿಸುತ್ತಿದ್ದರು. ಅವರ ಧ್ವಜದ ಮೇಲೆ ಚಿನ್ನದ ವೃಷಭ. ಅವರ ಮುಂದೆ ಮೊಳಗುತ್ತಿದ್ದುದು ಡಮರುಗ. ಪೆರ್ಮಾಡಿಯ ಮಗನಾದ ಬಿಜ್ಜಳನು ತಂದೆಯ ತರುವಾಯ ಈ ಮಹಾಮಂಡಲೇಶ್ವರ ಪದವಿಗೆ ಬಂದನು. ಇತಿಹಾಸಕಾರರು ಇವನನ್ನು ಇಮ್ಮಡಿ ಬಿಜ್ಜಳನೆಂದು ಕರೆಯುತ್ತಾರೆ.

ಮಹಾಮಂಡಲೇಶ್ವರನೆಂದರೆ ಸಣ್ಣ ಮನುಷ್ಯನಲ್ಲ. ಅವನಿಗೆ ಸ್ವಂತ ಸೈನ್ಯವುಂಟು, ಸ್ವಂತ ದಂಡನಾಯಕರುಂಟು, ಐದು ವಾದ್ಯಗಳನ್ನು ಮೊಳಗಿಸಿಕೊಳ್ಳುವ ಪಂಚಮಹಾಶಬ್ದದ ಗೌರವವುಂಟು. ಆದರೆ ಅವನು ಒಂದು ಶಾಸನವನ್ನು ಬರೆಯಿಸಬೇಕಾದರೆ ಮೊದಲು ಚಕ್ರವರ್ತಿಯ ಹೆಸರನ್ನೂ ಬಿರುದಾವಳಿಯನ್ನೂ ಹೇಳಿ, ಅನಂತರ ‘ತತ್ಪಾದಪದ್ಮೋಪಜೀವಿ’ ಎಂದು ತನ್ನನ್ನು ಕರೆದುಕೊಂಡು, ಅಲ್ಲಿಂದ ಮುಂದೆ ತನ್ನ ಹೆಸರನ್ನು ಬರೆಯಿಸಬೇಕು. ಆ ಒಡೆಯನ ಪಾದವೆಂಬ ಕಮಲವನ್ನು ಆಶ್ರಯಿಸಿ ಬದುಕುವವನು ಎಂದು ಆ ಸಮಾಸದ ಅರ್ಥ. ಇದು ಕೇವಲ ಅಲಂಕಾರದ ಮಾತೆಂದು ತಿಳಿಯಬಾರದು. ಆ ಕಾಲದ ಕನ್ನಡಿಗರಿಗೆ ಅನ್ನದ ಋಣವು ಬಲು ದೊಡ್ಡದಾಗಿತ್ತು. ಉಂಡ ಜೋಳದ ಋಣವನ್ನು ಪ್ರಾಣಕೊಟ್ಟು ತೀರಿಸುವುದಕ್ಕೆ ಜೋಳವಾಳಿ ಎಂದೂ, ಒಡೆಯನಿಗೆ ಕೊಟ್ಟ ಮಾತಿನಂತೆ ಸಮಯಬಂದಾಗ ಸಾಯುವುದಕ್ಕೆ ವೇಳೆವಾಳಿ ಎಂದೂ ಹೆಸರು. 1220ರಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳನು ತೀರಿಕೊಂಡಾಗ ಅವನ ದಂಡನಾಯಕನಾದ ಕುವರ ಲಕ್ಷ್ಮನು ತನ್ನ ಮಡದಿಯೊಡನೆಯೂ ಪರಿವಾರದವರೊಡನೆಯೂ ಪ್ರಾಣತ್ಯಾಗ ಮಾಡಿದ ವೃತ್ತಾಂತವು ಹಳೇಬೀಡಿನ ಕಂಬದ ಮೇಲೆ ಇಂದಿಗೂ ಇದೆ. ಅಂಥ ಸಾವನ್ನು ನಾವು ಹೊಗಳಬೇಕಾಗಿಲ್ಲ. ಆದರೆ ಉಂಡ ಮನೆಗೆ ಎರಡು ಬಗೆಯುವುದನ್ನು ಆ ಜನ ಎಷ್ಟು ಹೇಸುತ್ತಿದ್ದರೆಂಬುದಕ್ಕೆ ಅದೊಂದು ಸಾಕ್ಷಿ.

ಬಿಜ್ಜಳನು ಮೊದಲು ಇಮ್ಮಡಿ ಜಗದೇಕಮಲ್ಲನ ಕೈಕೆಳಗಿದ್ದನು. ಸುಮಾರು 1151ರಲ್ಲಿ ಮುಮ್ಮಡಿ ತೈಲಪನು ಪಟ್ಟಕ್ಕೆ ಬಂದನು. ಈ ತೈಲಪನು ಬಲಹೀನನು. ಓರಂಗಲ್ಲಿನ ಕಡೆಯ ಕಾಕತೀಯ ಪ್ರೋಲನು, ತಾನೂ ಚಾಳುಕ್ಯರ ಸಾಮಂತನಾಗಿದ್ದವನು, ಇವನನ್ನು ಸೆರೆಹಿಡಿದು, ಭಕ್ತಿ ಪ್ರೀತಿಗಳಿಂದ ಬಿಟ್ಟುಕೊಟ್ಟನೆಂದು ಪ್ರೋಲನ ಮಗ ರುದ್ರದೇವನ 1163ರ ಅನುಮಕೊಂಡದ ಶಾಸನವು ಹೇಳುತ್ತದೆ. ಸಾಮಂತನೊಬ್ಬನು ಚಕ್ರವರ್ತಿಯನ್ನು ಹಿಡಿದು ಕಟ್ಟಿ, ಮರುಕದಿಂದ ಬಿಡುಗಡೆಮಾಡಬೇಕಾದ ಸ್ಥಿತಿ! ಅಂಥ ರಾಜ್ಯದಲ್ಲಿ ಶೂರನೂ ಕಾರ್ಯದಕ್ಷನೂ ಆದ ಬಿಜ್ಜಳನ ಕೈಗೆ ಅಧಿಕಾರವು ಮೆಲ್ಲಮೆಲ್ಲನೆ ಹರಿದುಬಂದುದು ಸೋಜಿಗವಲ್ಲ.

ಈ ‘ಮೆಲ್ಲಮೆಲ್ಲನೆ’ ಎಂಬ ಮಾತನ್ನು ವಾಚಕರು ಗಮನಿಸಬೇಕು. ದಂಗೆಯೆಂದರೆ ನಡುರಾತ್ರಿಯಲ್ಲಿ ಕೋಟೆಯ ಬಾಗಿಲೊಡೆಯುವುದೆಂದು ನಾವು ತಿಳಿದಿರುತ್ತೇವೆ. ಬಿಜ್ಜಳನ ದಂಗೆಯು ನಡೆದುದು ಹಾಗಲ್ಲ. ಅದು ಬಿರುದಾವಳಿಯ ಅಕ್ಷರಗಳಲ್ಲಿ ನಡೆಯಿತು. 1157ರ ಹೊತ್ತಿಗೆ ಅವನ ಹೆಸರಿನ ಮುಂದೆ ಮಾಂಡಲಿಕನಿಗೆ ಸಲ್ಲದ ಬಿರುದುಗಳು ತಲೆಯೆತ್ತತೊಡಗಿದವು. ಚಿಕ್ಕಲಗಿಯ ಶಾಸನದಲ್ಲಿ ಅವನು ‘ಮಹಾಭುಜಬಲಚಕ್ರವರ್ತಿ’ಯಾಗಿದ್ದಾನೆ. ಚಾಳುಕ್ಯರ ವಿಕ್ರಮಾದಿತ್ಯನಿಗಿದ್ದ ‘ತ್ರಿಭುವನಮಲ್ಲ’ ಎಂಬ ಬಿರುದು ಇವನ ಹೆಸರಿಗೂ ಬಂದು ಸೇರಿತು. ಪಾದಪದ್ಮವನ್ನು ಆಶ್ರಯಿಸಿದವನೆಂಬ ಹಳೆಯ ಸಮಾಸವು ಜಾರಿಬಿದ್ದಿತು. 1162ರ ವೇಳೆಗೆ ತೈಲಪನು ಕಲ್ಯಾಣವನ್ನು ಬಿಟ್ಟು ಅಣ್ಣಿಗೇರಿಯ ಕಡೆಗೆ ಸರಿದಿದ್ದನು, ಬಿಜ್ಜಳನು ಮಂಗಳವಾಡದಿಂದ ಕಲ್ಯಾಣಕ್ಕೆ ಬಂದು ಸ್ವತಂತ್ರ ಚಕ್ರವರ್ತಿಯಾಗಿದ್ದನು. ಅತ್ತ ತೈಲಪನು ರುದ್ರದೇವನಿಗೆ ಹೆದರಿ ಅತಿಸಾರದಿಂದ ಸತ್ತನೆಂದು ಆ ಅನುಮಕೊಂಡದ ಕಲ್ಲೇ ಹಂಗಿಸಿ ಹೇಳುತ್ತದೆ. ಗೆದ್ದವರ ಕಲ್ಲುಗಳಲ್ಲಿ ಸೋತವನಿಗೆ ಒಳ್ಳೆಯ ಸಾವು ಕೂಡ ಸಿಗುವುದಿಲ್ಲ!

ದ್ರೋಹವು ಮನೆಯಲ್ಲಿಯೂ ಹೀಗೆಯೇ ಬರುತ್ತದೆಯಲ್ಲವೇ? ಅಣ್ಣನು ಮೆತ್ತಗಿನವನೆಂದು ತಮ್ಮನು ಕಣಜದ ಕೀಲಿಯನ್ನು ಇಟ್ಟುಕೊಳ್ಳುತ್ತಾನೆ. ಮೊದಲು ಅದು ಸೇವೆಯೇ; ಅಣ್ಣನಿಗೂ ಸಂತೋಷವೇ. ಕೆಲವು ವರ್ಷಗಳಾದ ಮೇಲೆ ಪೇಟೆಯಲ್ಲಿ ಲೆಕ್ಕವು ತಮ್ಮನ ಹೆಸರಿಗೆ ಬರೆಯಲ್ಪಡುತ್ತದೆ. ಮತ್ತೆ ಕೆಲವು ವರ್ಷಗಳಿಗೆ ಊರವರು ತಮ್ಮನನ್ನೇ ಯಜಮಾನನೆಂದು ಕರೆಯತೊಡಗುತ್ತಾರೆ. ಯಾವ ದಿನ ಅನ್ಯಾಯವಾಯಿತೆಂದು ಪಂಚರು ಕೇಳಿದರೆ ಅಣ್ಣನಿಗೆ ಒಂದು ದಿನವನ್ನು ತೋರಿಸಲು ಬರುವುದಿಲ್ಲ.

ಬಿಜ್ಜಳನೊಬ್ಬನನ್ನೇ ಬೈದರೂ ಸತ್ಯಕ್ಕೆ ಅಪಚಾರವಾದೀತು. ಅವನು ಕಿತ್ತುಕೊಂಡ ಸಿಂಹಾಸನವಾದರೂ ಧರ್ಮದಿಂದ ಬಂದುದೇ? ಬಾದಾಮಿಯ ಚಾಳುಕ್ಯ ಇಮ್ಮಡಿ ಕೀರ್ತಿವರ್ಮನ ಸಾಮಂತನಾಗಿದ್ದ ರಾಷ್ಟ್ರಕೂಟ ದಂತಿದುರ್ಗನು ಸುಮಾರು 753ರಲ್ಲಿ ತನ್ನ ಒಡೆಯನನ್ನು ಮುರಿದನು. ಆ ರಾಷ್ಟ್ರಕೂಟರ ಸಾಮಂತನಾಗಿದ್ದ ಇಮ್ಮಡಿ ತೈಲಪನು 973ರಲ್ಲಿ ಇಮ್ಮಡಿ ಕರ್ಕನನ್ನು ಕೆಡಹಿ, ಮುಂದೆ ಕಲ್ಯಾಣವನ್ನಾಳಿದ ಚಾಳುಕ್ಯರ ವಂಶವನ್ನು ನಿಲ್ಲಿಸಿದನು. ಆ ತೈಲಪನು ಅದಕ್ಕೆ ಮೊದಲು ಯಾವ ನಾಡನ್ನು ಆಳುತ್ತಿದ್ದನೆಂದು ಬಲ್ಲಿರಾ? ಇದೇ ತರ್ದವಾಡಿ ಸಾಸಿರವನ್ನು. 965ರ ಒಂದು ಶಾಸನವು ಮುಮ್ಮಡಿ ಕೃಷ್ಣನು ಆ ನಾಡನ್ನು ಅವನಿಗೆ ಅಣುಗಜೀವಿತವಾಗಿ, ಎಂದರೆ ಪ್ರೀತಿಯಿಂದ ಜೀವನಕ್ಕೆಂದು, ಕೊಟ್ಟಿದ್ದನೆಂಬುದನ್ನು ತಿಳಿಸುತ್ತದೆ. ತರ್ದವಾಡಿಯ ಸಾಮಂತನಾದ ಒಬ್ಬ ತೈಲಪನು ದ್ರೋಹದಿಂದ ಗಳಿಸಿದುದನ್ನು ಇನ್ನೂರು ವರ್ಷಗಳೊಳಗೆ ಇನ್ನೊಬ್ಬ ತೈಲಪನು ತರ್ದವಾಡಿಯ ಸಾಮಂತನಿಗೇ ಕಳೆದುಕೊಂಡನು! ನಡುವೆ 1076ರಲ್ಲಿ ಆರನೆಯ ವಿಕ್ರಮಾದಿತ್ಯನು ಒಡಹುಟ್ಟಿದ ಅಣ್ಣನಾದ ಇಮ್ಮಡಿ ಸೋಮೇಶ್ವರನನ್ನು ಇಳಿಸಿ ಪಟ್ಟವೇರಿದನು. ಅವನ ಸಭೆಯಲ್ಲಿದ್ದ ವಿಜ್ಞಾನೇಶ್ವರ ಪಂಡಿತನೇ ಕಲ್ಯಾಣದಲ್ಲಿ ಕುಳಿತು, ತಂದೆಯ ಆಸ್ತಿಯಲ್ಲಿ ಯಾವ ಮಗನಿಗೆ ಎಷ್ಟು ಪಾಲೆಂಬುದನ್ನು ನಿರ್ಣಯಿಸುವ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಒಕ್ಕಲಿಗನ ನಾಲ್ಕು ಮಾರು ಹೊಲಕ್ಕೆ ನ್ಯಾಯವು ಅಷ್ಟು ಬಿಗಿ. ಸಿಂಹಾಸನಕ್ಕೆ ಅಂಥ ಕಟ್ಟು ಇರಲಿಲ್ಲ.

ಆದುದರಿಂದ, ಬಿಜ್ಜಳನು ಹಿಂದಿನವರು ಮಾಡಿದುದನ್ನೇ ಮಾಡಿದನು. ಅವನ ಪರವಾಗಿ ಮಾತನಾಡುವವರು ಇನ್ನೂ ಮುಂದೆ ಹೋಗಿ, ಅಶಕ್ತನ ಕೈಯಲ್ಲಿ ಚೂರುಚೂರಾಗುತ್ತಿದ್ದ ರಾಜ್ಯವನ್ನು ಶಕ್ತನು ಹಿಡಿದು ನಿಲ್ಲಿಸಿದುದು ತಪ್ಪೇ ಎಂದು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಅದು. ಪ್ರಜೆಗಳ ಹಿತಕ್ಕಾಗಿ ಎದ್ದವನನ್ನು ದ್ರೋಹಿಯೆಂದು ಕರೆಯಲು ನಾನು ಸಿದ್ಧನಿಲ್ಲ. ಆದರೆ ಅಂಥವನ ಗುರುತು ಯಾವುದು? ಅವನು ಎದ್ದಮೇಲೆ ಏನನ್ನು ಬದಲಾಯಿಸಿದನೆಂಬುದೇ ಗುರುತು. ಬಿಜ್ಜಳನು ಬದಲಾಯಿಸಿದುದು ಗದ್ದುಗೆಯ ಮೇಲಿನ ಹೆಸರನ್ನು. ಹೊಲೆಗೇರಿ ಅಲ್ಲಿಯೇ ಇತ್ತು, ಅಗ್ರಹಾರ ಇಲ್ಲಿಯೇ ಇತ್ತು. ಹೊಸದಾಗಿ ಏನಾದರೂ ಹುಟ್ಟಿದ್ದರೆ ಅದು ಹುಟ್ಟಿದುದು ಅರಮನೆಯಲ್ಲಲ್ಲ, ಅವನ ಭಂಡಾರದ ಲೆಕ್ಕ ನೋಡುತ್ತಿದ್ದವರ ಮಹಾಮನೆಯಲ್ಲಿ.

ಬಸವಣ್ಣನವರು ಬಿಜ್ಜಳನ ಸೇವೆಗೆ ಸೇರಿದುದು ಕಲ್ಯಾಣದಲ್ಲಲ್ಲ, ಮಂಗಳವಾಡದಲ್ಲಿ ಎಂದು ಹರಿಹರ ಕವಿಯ ರಗಳೆಯು ಹೇಳುತ್ತದೆ. ಕೂಡಲಸಂಗಮದಿಂದ ಹೊರಟುಬಂದ ತರುಣನು ಸಿದ್ಧದಂಡಾಧೀಶನ ಬಳಿ ಕರಣಿಕನಾಗಿ ಸೇರಿ, ತನ್ನ ಲೆಕ್ಕಜ್ಞಾನದಿಂದ ಮೇಲೇರಿ ದಂಡನಾಯಕನಾದನು. ಈ ಪರಂಪರೆಯನ್ನು ನಂಬುವುದಾದರೆ ಅಣ್ಣನವರು ಬಿಜ್ಜಳನನ್ನು ಮಾಂಡಲಿಕನಾಗಿದ್ದಾಗಲೂ ಕಂಡವರು, ಚಕ್ರವರ್ತಿಯಾದಾಗಲೂ ಕಂಡವರು. ಒಡೆಯನ ಕಾಲಿಗೆರಗುತ್ತಿದ್ದ ತಲೆಯ ಮೇಲೆ ಕಿರೀಟವು ಬಂದು ಕುಳಿತುದನ್ನು ಅವರು ಹತ್ತಿರದಿಂದ ನೋಡಿರಬೇಕು. ರಾಜನೆಂದರೆ ಪ್ರತ್ಯಕ್ಷದೇವತೆಯೆಂದು ಪಂಡಿತರು ಸಭೆಯಲ್ಲಿ ಹೇಳುತ್ತಿದ್ದಾಗ, ಆ ದೇವತೆಯು ನಿನ್ನೆಯವರೆಗೆ ಯಾರ ಪಾದವನ್ನು ಪೂಜಿಸುತ್ತಿತ್ತೆಂಬುದು ಈ ಕರಣಿಕನಿಗೆ ಗೊತ್ತಿತ್ತು. ಅರಸನಿಗೆ ಅಂಜುವವನು ತಾನಲ್ಲ, ತಾನಿರುವುದು ಬೇರೊಬ್ಬ ರಾಜನ ತೇಜಸ್ಸಿನಲ್ಲಿ ಎಂಬರ್ಥದ ಮಾತು ಅವರ ವಚನದಲ್ಲಿ ಬರುವುದು ಬರಿಯ ಧೈರ್ಯದ ನುಡಿಯಲ್ಲ, ಕಂಡುಂಡವರ ನುಡಿ.

ಭವಿಯ ಗದ್ದುಗೆಯ ಕೆಳಗೆ ಕುಳಿತು ಓಲೈಸುವುದು ಶರಣನಿಗೆ ತಕ್ಕುದೇ ಎಂಬ ಆಕ್ಷೇಪವು ಅಣ್ಣನವರ ಕಾಲದಲ್ಲಿಯೇ, ಶರಣರ ನಡುವೆಯೇ ಎದ್ದಿತ್ತು. ಅದನ್ನು ಅವರು ಮುಚ್ಚಿಡಲಿಲ್ಲ. ವಚನದಲ್ಲಿ ತಾವೇ ಎತ್ತಿಕೊಂಡು ಉತ್ತರ ಕೊಟ್ಟರು. ಆ ಉತ್ತರದ ಸಾರವಿಷ್ಟು: ಒಡಲಿಗಾಗಿ ಈ ಊಳಿಗವಲ್ಲ, ಮಡದಿ ಮಕ್ಕಳಿಗಾಗಿ ಅಲ್ಲ, ದುಡಿದುದೆಲ್ಲ ಜಂಗಮ ದಾಸೋಹಕ್ಕೆ. ಇಲ್ಲಿ ಒಂದು ಸೂಕ್ಷ್ಮವಿದೆ. ಅಣ್ಣನವರು ಸಂಬಳಕ್ಕೆ ತಕ್ಕ ಕೆಲಸವನ್ನು ಕೊಟ್ಟರು, ಆದರೆ ಸಂಬಳ ಕೊಟ್ಟವನಿಗೆ ತಮ್ಮ ಪ್ರಾಣಲಿಂಗವನ್ನು ಕೊಡಲಿಲ್ಲ. ಕೈ ಅರಸನ ಲೆಕ್ಕದಲ್ಲಿ, ಮನಸ್ಸು ಕೂಡಲಸಂಗಮನಲ್ಲಿ.

ಕೆಲವು ವರ್ಷಗಳ ಹಿಂದೆ ನಾನು ತರಗತಿಯಲ್ಲಿ ಈ ಭಾಗವನ್ನು ಹೇಳುತ್ತಿದ್ದಾಗ ಹಿಂದಿನ ಸಾಲಿನ ಒಬ್ಬ ವಿದ್ಯಾರ್ಥಿಯು ಎದ್ದುನಿಂತು, “ಗುರುಗಳೇ, ಬಿಜ್ಜಳನು ತೈಲಪನ ಅನ್ನ ಉಂಡು ತೈಲಪನಿಗೆ ತಿರುಗಿಬಿದ್ದನು. ಬಸವಣ್ಣನವರು ಬಿಜ್ಜಳನ ಅನ್ನ ಉಂಡು ಬಿಜ್ಜಳನ ಮಾತು ಮೀರಿದರು. ಮೊದಲನೆಯದು ದ್ರೋಹವಾದರೆ ಎರಡನೆಯದು ಹೇಗೆ ಧರ್ಮ?” ಎಂದು ಕೇಳಿದನು. ತರಗತಿಯಲ್ಲಿ ನಗು ಎದ್ದಿತು. ನಾನು ನಗಲಿಲ್ಲ. ಉದ್ಧಟತನವೆಂದು ಗದರಿಸಿ ಕೂಡ್ರಿಸುವುದು ಸುಲಭ. ಆದರೆ ಅದು ಶರಣಧರ್ಮದ ಬುಡಕ್ಕೇ ಹೋಗುವ ಪ್ರಶ್ನೆ. ಬಸವಣ್ಣನವರನ್ನು ಕ್ರಾಂತಿಪುರುಷರೆಂದು ಕೊಂಡಾಡುವ ನಾವು, ಅವರ ಕ್ರಾಂತಿಗೂ ಒಬ್ಬ ಮಾಂಡಲಿಕನ ದಂಗೆಗೂ ಇರುವ ಅಂತರವನ್ನು ಹೇಳಲಾರದೆ ಹೋದರೆ ನಮ್ಮ ಕೊಂಡಾಟಕ್ಕೆ ಬೆಲೆಯೇನು?

ಮೊದಲು ಭಂಡಾರದ ಕಥೆಯನ್ನು ನೋಡೋಣ. ಅರಸನ ಹೊನ್ನನ್ನು ಬಸವಣ್ಣನು ಜಂಗಮರಿಗೆ ಸುರಿಯುತ್ತಿದ್ದಾನೆಂದು ಕೊಂಡೆಯರು ಬಿಜ್ಜಳನಲ್ಲಿ ದೂರಿದರು. ಲೆಕ್ಕವನ್ನು ತರಿಸಿ ಎಣಿಸಿದಾಗ ಒಂದು ಹಣವೂ ಕಡಮೆಯಾಗಿರಲಿಲ್ಲವೆಂದು ನಮ್ಮ ಕವಿಗಳು ಹೇಳಿದ್ದಾರೆ. ಸಾಮಾನ್ಯವಾಗಿ ಇದನ್ನು ಶಿವನ ಪವಾಡವೆಂದು ವಿವರಿಸುವುದುಂಟು. ಪವಾಡವನ್ನು ಅಲ್ಲಗಳೆಯದೆಯೇ ನಾನು ಇನ್ನೊಂದು ಮಾತನ್ನು ಹೇಳುತ್ತೇನೆ: ದಂಗೆಯೇಳುವ ಮನಸ್ಸಿದ್ದವನ ಮೊದಲ ಕೆಲಸವೆಂದರೆ ಭಂಡಾರವನ್ನು ಹಿಡಿಯುವುದು. ಹೊನ್ನಿಲ್ಲದೆ ಸೈನ್ಯವಿಲ್ಲ, ಸೈನ್ಯವಿಲ್ಲದೆ ಪಟ್ಟವಿಲ್ಲ. ಬಿಜ್ಜಳನಿಗೆ ಈ ವಿದ್ಯೆಯು ಅನುಭವದಿಂದ ತಿಳಿದಿತ್ತು. ಆದುದರಿಂದಲೇ ಆ ದೂರನ್ನು ಕೇಳಿ ಅವನ ಎದೆ ಹೊಡೆದುಕೊಂಡಿತು. ತಾನು ತೈಲಪನಿಗೆ ಮಾಡಿದುದನ್ನು ತನಗೆ ಇವನು ಮಾಡುತ್ತಿರಬಹುದೆಂದು ಅವನು ಶಂಕಿಸಿದನು. ಲೆಕ್ಕವು ಸರಿಯಾಗಿದ್ದುದನ್ನು ಕಂಡು ಅವನಿಗೆ ನಾಚಿಕೆಯಾಯಿತೋ, ಇಲ್ಲವೆ ಇಂಥ ಮನುಷ್ಯನನ್ನು ಹಿಡಿಯುವ ಬಗೆ ತನಗೆ ತಿಳಿಯದೆಂಬ ಹೊಸ ಭಯವೇ ಹುಟ್ಟಿತೋ, ಯಾರು ಬಲ್ಲರು! ಹಣದ ಆಸೆಯುಳ್ಳವನನ್ನು ಹಣದಿಂದ ಕೊಳ್ಳಬಹುದು, ಪದವಿಯ ಆಸೆಯುಳ್ಳವನನ್ನು ಪದವಿಯಿಂದ ಕಟ್ಟಬಹುದು.

ಇನ್ನು, ಮೀರಿದ ಬಗೆಯನ್ನು ನೋಡಿ. ಬಿಜ್ಜಳನು ತೈಲಪನ ಬೆನ್ನ ಹಿಂದೆ ಬೆಳೆದನು; ಬಾಯಲ್ಲಿ ಪಾದಪದ್ಮ, ಕೈಯಲ್ಲಿ ಕತ್ತಿ. ಅಣ್ಣನವರು ಮುಚ್ಚಿ ಮಾಡಿದುದು ಒಂದೂ ಇಲ್ಲ. ಮಹಾಮನೆಯ ಬಾಗಿಲು ಹಗಲು ರಾತ್ರಿ ತೆರೆದಿತ್ತು. ಮಾದಾರ ಚೆನ್ನಯ್ಯನ ಮಗ ತಾನೆಂದು ಹೇಳಿಕೊಂಡುದು ಅರಸನ ಕಿವಿಗೆ ಬೀಳುವಂತೆಯೇ. ಲಿಂಗವಂತರಲ್ಲಿ ಕುಲವಿಲ್ಲವೆಂದು ನಂಬಿದರು, ನಂಬಿದುದನ್ನು ನುಡಿದರು, ನುಡಿದಂತೆ ಹರಳಯ್ಯನ ಮನೆಗೂ ಮಧುವರಸನ ಮನೆಗೂ ನಂಟುಬೆಳೆದಾಗ ಹಿಂದೆಗೆಯಲಿಲ್ಲ. ಕೊನೆಯಲ್ಲಿ ಅರಸನ ಆಜ್ಞೆಯೂ ಅಂತರಂಗದ ಆಜ್ಞೆಯೂ ಬೇರೆಯಾದಾಗ ಅವರು ಮಾಡಿದುದೇನು? ಮಂತ್ರಿಪದವಿಯ ಮುದ್ರೆಯನ್ನು ಬಿಟ್ಟುಕೊಟ್ಟು ಸಂಗಮದ ದಾರಿ ಹಿಡಿದರು. ಅವರ ಮಾತಿಗೆ ಪ್ರಾಣಕೊಡುವ ಸಾವಿರಾರು ಜನರು ಕಲ್ಯಾಣದಲ್ಲಿದ್ದರು. ಅರಸನಾದರೋ ಪರರ ಸಿಂಹಾಸನವನ್ನು ಕಿತ್ತುಕೊಂಡವನು; ಅವನನ್ನು ಇಳಿಸಿದರೆ ಸ್ವಾಮಿದ್ರೋಹವೆಂದು ಹೇಳಲೂ ಬಾಯಿರಲಿಲ್ಲ. ಬಿಜ್ಜಳನಿಗೆ ತೈಲಪನ ಮೇಲೆ ಇದ್ದುದಕ್ಕಿಂತ ಹೆಚ್ಚಿನ ಕಾರಣ ಬಸವಣ್ಣನವರಿಗೆ ಬಿಜ್ಜಳನ ಮೇಲೆ ಇತ್ತು. ಆದರೂ ಗದ್ದುಗೆಯ ಕಡೆಗೆ ಕೈ ಚಾಚಲಿಲ್ಲ. ಆ ಹುಡುಗನಿಗೆ ನಾನು ಹೇಳಿದುದು ಇದನ್ನೇ: ಒಬ್ಬನು ಒಡೆಯನನ್ನು ಕಳುಹಿಸಿ ಒಡೆಯನ ಮನೆಯಲ್ಲಿ ನಿಂತನು, ಇನ್ನೊಬ್ಬರು ಒಡೆಯನ ಮನೆಯನ್ನು ಒಡೆಯನಿಗೇ ಬಿಟ್ಟು ಬರಿಗೈಯಲ್ಲಿ ನಡೆದರು.

ಬಿಡುವುದು ಎಷ್ಟು ಕಷ್ಟವೆಂಬುದು ನಮ್ಮ ಮಠ, ದೇವಸ್ಥಾನ, ಸಹಕಾರಿ ಸಂಘಗಳ ಆಡಳಿತವನ್ನು ನೋಡಿದವರಿಗೆ ತಿಳಿದೇ ಇದೆ. ಧರ್ಮಕ್ಕಾಗಿ ಹೋರಾಡುತ್ತೇನೆಂದು ಹೊರಟವನು ಅಧ್ಯಕ್ಷನ ಕುರ್ಚಿಯಲ್ಲಿ ಕುಳಿತಮೇಲೆ ಹೋರಾಟವೂ ಅಲ್ಲಿಗೆ ನಿಲ್ಲುವುದನ್ನು ಎಷ್ಟು ಸಲ ಕಂಡಿಲ್ಲ!

ಈ ಸಂದರ್ಭದಲ್ಲಿ ಒಂದು ತಪ್ಪು ತಿಳಿವಳಿಕೆಯನ್ನೂ ತಿದ್ದಬೇಕಾಗಿದೆ. ಬಿಜ್ಜಳನು ಜೈನನು, ಆದುದರಿಂದಲೇ ಶರಣರನ್ನು ದ್ವೇಷಿಸಿದನು ಎಂದು ಹೇಳುವ ವಾಡಿಕೆಯುಂಟು. ಅವನ ಕಾಲದ ಶಾಸನಗಳನ್ನು ನೋಡಿದರೆ ಅವನು ಶಿವಭಕ್ತರ ನಡುವಿನವನಾಗಿಯೇ ಕಾಣುತ್ತಾನೆ. ಧ್ವಜದ ವೃಷಭವನ್ನು ಆಗಲೇ ಹೇಳಿದೆ. ದಕ್ಷಿಣದ ನಾಡನ್ನು ಹತೋಟಿಗೆ ತರಲು ದಂಡೆತ್ತಿ ಹೋಗಿ ಬಳ್ಳಿಗಾವೆಯಲ್ಲಿ ಬೀಡುಬಿಟ್ಟಾಗ ಅವನು ಅಲ್ಲಿಯ ಕೇದಾರೇಶ್ವರನ ಸ್ಥಾನಕ್ಕೆ ದತ್ತಿ ಕೊಟ್ಟುದನ್ನು 1162ರ ಶಾಸನವು ಹೇಳುತ್ತದೆ. ಅಲ್ಲಿಯ ಕೋಡಿಯ ಮಠದ ವರ್ಣನೆಯು ಬಂದಿರುವುದು ಆ ಶಾಸನದಲ್ಲಿಯೇ: ವೇದ, ವ್ಯಾಕರಣ, ತರ್ಕಗಳ ಪಾಠ, ದೀನರಿಗೆ, ಕುರುಡ ಕುಂಟರಿಗೆ ಅನ್ನ, ರೋಗಿಗಳಿಗೆ ಔಷಧ. ಓದಿದರೆ ಮನಸ್ಸು ತುಂಬುತ್ತದೆ. ಅಂಥ ಮಠಕ್ಕೆ ದಾನಮಾಡಿದವನು ಬಿಜ್ಜಳ! ಹೀಗಿರಲು ಶರಣರು ಅವನನ್ನು ಭವಿಯೆಂದುದು ಅವನ ಮತವನ್ನು ನೋಡಿ ಅಲ್ಲವೆಂದು ಸ್ಪಷ್ಟವಾಗುತ್ತದೆ. ನಂದಿಯನ್ನು ಧ್ವಜದ ಮೇಲೆ ಹಾರಿಸಿದವನು ಅಂಗದ ಮೇಲೆ ಲಿಂಗವನ್ನು ಧರಿಸಲಿಲ್ಲ. ಗುಡಿಗೆ ಊರನ್ನು ಕೊಟ್ಟವನು ಶರಣನಾದ ಸಮಗಾರನ ಪಕ್ಕದಲ್ಲಿ ಕುಳಿತುಣ್ಣಲಾರದಾದನು. ಜೈನರ ಮೇಲೆ ತಪ್ಪು ಹೊರಿಸಿ ನಾವು ಕೈತೊಳೆದುಕೊಂಡರೆ, ಶೈವನೇ ಭವಿಯಾಗಬಲ್ಲನೆಂಬ ಭಯಂಕರ ಪಾಠವು ನಮ್ಮ ಕಣ್ಣಿಗೆ ಬೀಳದೆ ಹೋಗುತ್ತದೆ.

ಹಾಗಾದರೆ ಬಹುಕಾಲ ಬಸವಣ್ಣನವರನ್ನು ಸೈರಿಸಿಕೊಂಡಿದ್ದ ಅರಸನು ಒಂದು ಮದುವೆಗಾಗಿ ಏಕೆ ಕೆರಳಿದನು? ಪರಂಪರೆಯ ಪ್ರಕಾರ ಹರಳಯ್ಯನು ಚರ್ಮದ ಕಾಯಕದವನು, ಮಧುವರಸನು ಬ್ರಾಹ್ಮಣಕುಲದಿಂದ ಶರಣನಾದವನು. ಮಧುವರಸನ ಮಗಳನ್ನು ಹರಳಯ್ಯನ ಮಗನಿಗೆ ಕೊಟ್ಟುದು ವರ್ಣಸಂಕರವೆಂದು ಸಂಪ್ರದಾಯಸ್ಥರು ಕೂಗಿದರು. ಬಿಜ್ಜಳನು ಇಬ್ಬರಿಗೂ ಘೋರಶಿಕ್ಷೆ ವಿಧಿಸಿ ಆನೆಯ ಕಾಲಿಗೆ ಕಟ್ಟಿಸಿ ಎಳೆಸಿದನು. ನನಗೆ ತೋರುವ ಕಾರಣವನ್ನು ಹೇಳುತ್ತೇನೆ. ಹುಟ್ಟಿನಿಂದ ಪಟ್ಟವನ್ನು ಪಡೆದ ಅರಸನಾಗಿದ್ದರೆ ಆ ಕೂಗನ್ನು ಕೇಳಿಯೂ ಕೇಳದಂತೆ ಇರಬಹುದಾಗಿತ್ತು. ಕಿತ್ತುಕೊಂಡ ಪಟ್ಟವು ಹಾಗಲ್ಲ. ಅದಕ್ಕೆ ದಿನದಿನವೂ ಬೇರೆಯವರ ಒಪ್ಪಿಗೆ ಬೇಕು. ಪುರೋಹಿತನು ಹರಸಬೇಕು, ಸಾಮಂತರು ತಲೆದೂಗಬೇಕು. ಅವರು ಮುನಿದರೆ, ಬಿಜ್ಜಳನು ತೈಲಪನನ್ನು ಬಿಟ್ಟಂತೆ ನಾಳೆ ಅವರು ಬಿಜ್ಜಳನನ್ನು ಬಿಡುತ್ತಾರೆ. ಅಂಜಿದವನ ಕೈಯ ಶಿಕ್ಷೆಯು ಯಾವಾಗಲೂ ಅಳತೆಮೀರಿದ್ದು. ಹರಳಯ್ಯ ಮಧುವರಸರು ಸತ್ತುದು ಬಿಜ್ಜಳನ ಬಲದಿಂದಲ್ಲ, ಅವನ ಪುಕ್ಕಲುತನದಿಂದ.

ಇನ್ನು ಜಗದೇವನ ವಿಷಯ. ಇಲ್ಲಿ ನಾನು ಹೇಳುವ ಮಾತು ಕೆಲವು ಭಕ್ತರಿಗೆ ಹಿತವಾಗದೆ ಇರಬಹುದು. ಹರಳಯ್ಯ ಮಧುವರಸರ ವಧೆಗೆ ಪ್ರತಿಯಾಗಿ ಜಗದೇವನೂ ಬೊಮ್ಮಣ್ಣನೂ ಅರಸನನ್ನು ಇರಿದು ಕೊಂದರೆಂದು ನಮ್ಮ ಪುರಾಣಗಳು ಹೇಳುತ್ತವೆ. ಅರಸನು ವಿಷಪ್ರಯೋಗದಿಂದ ಸತ್ತನೆಂದು ಜೈನರ ಕಥೆ. ಶಾಸನಗಳಿಂದ ನಮಗೆ ದೊರೆಯುವುದು ಇಷ್ಟೇ: 1167-68ರಲ್ಲಿ ಅಧಿಕಾರವು ಬಿಜ್ಜಳನ ಕೈಯಿಂದ ಮಗನಾದ ಸೋವಿದೇವನ ಕೈಗೆ ಬಂದಿತು. ಬಿಜ್ಜಳನೇ ಮಗನಿಗೆ ಪಟ್ಟವನ್ನು ಬಿಟ್ಟುಕೊಟ್ಟನೆಂದು ಸಂಶೋಧಕರಲ್ಲಿ ಹಲವರ ಅಭಿಪ್ರಾಯ. ಪ್ರವಚನಗಳಲ್ಲಿ ಮಾತ್ರ ಈ ಕೊಲೆಯ ಪ್ರಸಂಗ ಬಂದಾಗ ಚಪ್ಪಾಳೆ ಬೀಳುತ್ತದೆ. ಆ ಚಪ್ಪಾಳೆ ನನಗೆ ಒಗ್ಗುವುದಿಲ್ಲ. ಕೊಲ್ಲಬೇಡವೆಂದು ಬಾಯ್ತುಂಬ ಹೇಳಿದ ಗುರುವಿನ ಶಿಷ್ಯರು ಕೊಂದುದು ನಿಜವಾದರೆ ಅದು ಶರಣಧರ್ಮದ ವಿಜಯವಲ್ಲ. ತಂದೆಯಂತಿದ್ದವರನ್ನು ಕಳೆದುಕೊಂಡ ದುಃಖದಲ್ಲಿ ಮಕ್ಕಳ ಬುದ್ಧಿ ಕೆಟ್ಟುದು. ಅವರ ನೋವನ್ನು ನಾನು ಬಲ್ಲೆ, ಅವರನ್ನು ಶಪಿಸಲಾರೆ. ಆದರೆ ಮಾದರಿಯೆಂದು ಮಕ್ಕಳ ಮುಂದಿಡಲೂ ಆರೆ. ಅಣ್ಣನವರು ಬರಿಗೈಯಲ್ಲಿ ಹೊರಟ ಊರಿನಲ್ಲಿ ಅವರ ಹೆಸರಿನಿಂದ ಕತ್ತಿ ಎದ್ದಿತೆಂದರೆ, ಅವರ ನಿರ್ಗಮನದ ಅರ್ಥವು ಹಿಂದೆ ಉಳಿದವರಿಗೆ ಆ ಗಳಿಗೆಯಲ್ಲಿ ತಿಳಿಯಲಿಲ್ಲವೆಂದಾಯಿತು. ಕತ್ತಿಯ ಫಲವನ್ನು ಉಂಡವರು ಅರಮನೆಯವರಲ್ಲ, ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು, ವಚನದ ಕಟ್ಟುಗಳನ್ನು ಹೊತ್ತುಕೊಂಡು ಚೆನ್ನಬಸವಣ್ಣನವರ ಹಿಂದೆ ಉಳವಿಯ ಕಾಡಿನ ದಾರಿ ಹಿಡಿದ ಶರಣರು.

ಬಿಜ್ಜಳನ ಮನೆತನದ ಮುಂದಿನ ಕಥೆಯು ಬಹಳ ಸಣ್ಣದು. ಸೋವಿದೇವನು 1176ರವರೆಗೆ ಆಳಿದನು. ಅವನ ತರುವಾಯ ಸಂಕಮ, ಆಹವಮಲ್ಲ, ಸಿಂಘಣರು ಒಬ್ಬರಾದಮೇಲೊಬ್ಬರು ಬಂದು ಹೋದರು. ಕಳಚುರ್ಯರ ಅನ್ನವನ್ನುಂಡ ಸೇನಾಪತಿ ಬ್ರಹ್ಮನೆಂಬವನು ಚಾಳುಕ್ಯರ ಕೊನೆಯ ಕುಡಿಯಾದ ನಾಲ್ವಡಿ ಸೋಮೇಶ್ವರನ ಪಕ್ಷಕ್ಕೆ ನಿಂತನು. 1184ರ ಸುಮಾರಿಗೆ ಬಿಜ್ಜಳನ ಮಕ್ಕಳ ರಾಜ್ಯವು ಮುಗಿದಿತ್ತು. ಕಲ್ಯಾಣದಲ್ಲಿ ಕಳಚುರ್ಯರ ವೈಭವವೆಲ್ಲ ಸೇರಿ ಇಪ್ಪತ್ತೆರಡು ವರ್ಷದ ಬಾಳು. ಸೋಮೇಶ್ವರನಿಗಾದರೂ ನೆಮ್ಮದಿಯೆಲ್ಲಿ? ಐದಾರು ವರ್ಷಗಳೊಳಗೆ, ಹಿಂದೆ ಚಾಳುಕ್ಯರ ಪಾದಪದ್ಮೋಪಜೀವಿಗಳೇ ಆಗಿದ್ದ ಸೇವುಣರ ಭಿಲ್ಲಮನು ಬಡಗಣಿಂದಲೂ ಹೊಯ್ಸಳ ಬಲ್ಲಾಳನು ತೆಂಕಣಿಂದಲೂ ನುಗ್ಗಿ ರಾಜ್ಯವನ್ನು ಹಂಚಿಕೊಂಡರು. ಸೇವುಣರು ದೇವಗಿರಿಯನ್ನು ರಾಜಧಾನಿ ಮಾಡಿಕೊಂಡರು. ಚಕ್ರವರ್ತಿಗಳ ಪಟ್ಟಣವಾಗಿ ಕಲ್ಯಾಣವು ಮತ್ತೆ ಮೆರೆಯಲಿಲ್ಲ.

ಆ ಸೇವುಣರ ಕನ್ನರದೇವನ ಆಳಿಕೆಯಲ್ಲಿ, 1260ರಲ್ಲಿ, ಇಂದಿನ ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದಲ್ಲಿ ಒಂದು ಶಾಸನವನ್ನು ನಿಲ್ಲಿಸಿದರು. ಅದರಲ್ಲಿ ತರ್ದವಾಡಿ ನಾಡಿನ ಹೆಸರು ಬರುತ್ತದೆ. ಆದರೆ ಬರುವುದು ತೈಲಪನ ನಾಡೆಂದಾಗಲಿ ಬಿಜ್ಜಳನ ನಾಡೆಂದಾಗಲಿ ಅಲ್ಲ. ಆ ನಾಡಿನ ನಡುವೆ ಬಾಗೇವಾಡಿ ಎಂಬ ಊರು, ಆ ಊರಿನ ಮಾದಿರಾಜ, ಆ ಮಾದಿರಾಜನ ಮಗ ಬಸವರಾಜ ಎಂದು ಕಲ್ಲು ಹೇಳುತ್ತದೆ.